ಮೂರು ಚಪಾತಿ ಬಡಿಸಬಾರದು

ಅಡುಗೆಮನೆಗೆ ಒಂದು ಸಲ ಸಾಲಿಯನ್ನು, ಅಂದರೆ ಶಾಲೆಯನ್ನು, ಕರೆದುಕೊಂಡು ಬಂದರೆ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ, ಒಲೆ ಆರಿಸಿದರೂ ನಿಲ್ಲುವುದಿಲ್ಲ. ನಮ್ಮ ಮನೆಗೆ ಅದನ್ನು ಕರೆದವಳು ನಾನೇ ಆದ್ದರಿಂದ ಬೇರೆ ಯಾರ ಮೇಲೂ ದೂರು ಹೇಳುವ ಹಾಗಿಲ್ಲ.

ತೊಂಬತ್ತರ ದಶಕದ ಮಾತು. ಪುಣೆಯ ಪೇಟೆ ಭಾಗದ ಒಂದು ಹಳೆಯ ವಾಡೆಯಲ್ಲಿ ನಮ್ಮ ಬಿಡಾರ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಮನೆಯಲ್ಲಿ ನಾವು ನಾಲ್ಕೇ ಜನ. ದಿನಾ ಲೋಕಲ್ ಹಿಡಿದು ತಳೇಗಾಂವದ ಕಾರ್ಖಾನೆಯೊಂದರ ಆಫೀಸಿಗೆ ಹೋಗಿಬರುವ ನಮ್ಮವರು, ಮದುವೆಯಾಗಿ ವಿಜಾಪುರದಿಂದ ಬಂದು ಇಲ್ಲಿ ಹುಟ್ಟಿದವರಿಗೇ ಪುಣೆಯ ದಾರಿ ಹೇಳುವಷ್ಟು ಹಳಬರಾದ ನಮ್ಮ ಅತ್ತೆ, ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗಳು, ಮತ್ತೆ ನಾನು.

ಗೋಡೆ ನೋಡುವ ಹುಡುಗಿ

ದೀಪಾವಳಿ ರಜೆಗೆ ಮುಂಚೆ ಮಗಳ ಟೀಚರ್ ನನ್ನನ್ನು ಕರೆಸಿದರು. ಅವರು ಮಾತಾಡಿದ್ದು ಮರಾಠಿಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೂಲದಲ್ಲಿ ಖಾರ ಇನ್ನೂ ಸ್ವಲ್ಪ ಹೆಚ್ಚಿತ್ತು.

"ನಿಮ್ಮ ಮಗಳು ಜಾಣೆಯೋ ದಡ್ಡಿಯೋ ನನಗಿನ್ನೂ ಗೊತ್ತಾಗಿಲ್ಲ," ಅಂದರು ಟೀಚರ್. "ಗೊತ್ತಾಗಬೇಕಾದರೆ ಅವಳು ಬಾಯಿ ಬಿಡಬೇಕಲ್ಲ? ಲೆಕ್ಕ ಕೇಳಿದ ಕೂಡಲೆ ಗೋಡೆ ನೋಡುತ್ತಾಳೆ. ಏಪ್ರಿಲ್‌ನಲ್ಲಿ ಬಾಯಿಲೆಕ್ಕದ ಪರೀಕ್ಷೆ ಇದೆ. ಅಲ್ಲೂ ಹೀಗೇ ನಿಂತರೆ ಬರುವ ವರ್ಷವೂ ಇದೇ ವರ್ಗದಲ್ಲಿ, ಇದೇ ಗೋಡೆ ನೋಡುತ್ತ ಕೂರಬೇಕಾಗುತ್ತದೆ."

ದಾರಿಯುದ್ದಕ್ಕೂ ನನಗೆ ದಿಕ್ಕು ತೋಚಲಿಲ್ಲ. ಮಗಳು ಮನೆಯಲ್ಲಿ ಮೂಕಿಯೇನಲ್ಲ. ಆದರೆ ನೆನಪು ಮಾಡಿಕೊಂಡು ನೋಡಿದರೆ, ಅಪ್ಪ ಪಾಟಿ ಹಿಡಿದು "ಹದಿನೈದಕ್ಕ ಐದರಲೆ ಭಾಗಿಸಿದ್ರ?" ಅಂದಾಗಲೂ ಅವಳು ಗೋಡೆಯನ್ನೇ ನೋಡುತ್ತಿದ್ದಳು. ನಮ್ಮ ಗೋಡೆಯ ಮೇಲೆ ಕ್ಯಾಲೆಂಡರಾದರೂ ಇತ್ತು. ಅಪ್ಪನ ಕೂಗಾಟ ಮುಗಿದದ್ದೇ ಅಡುಗೆಮನೆಗೆ ಓಡಿ ಬಂದು, ಕಟ್ಟೆಯ ಮೇಲೆ ಹತ್ತಿ ಕೂತು, ಅವಳ ಅಜ್ಜಿಗೆ ಪ್ರಶ್ನೆಗಳ ಮಳೆ ಸುರಿಸುತ್ತಿದ್ದಳು. ಸಾಸಿವೆ ಯಾಕೆ ಹಾರುತ್ತದೆ, ಹಾಲು ಯಾಕೆ ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ.

ಬಾಯಿ ಬಿಡುವ ಜಾಗ ಇದೊಂದೇ ಆದರೆ ಲೆಕ್ಕವೂ ಇಲ್ಲಿಗೇ ಬರಲಿ ಅಂತ ನಿರ್ಧಾರ ಮಾಡಿದೆ. ಅತ್ತೆಗೆ ಹೇಳಿದೆ, "ನಾಳಿಂದ ಆಕಿ ಸಾಲಿ ಅಡಿಗಿಮನ್ಯಾಗರಿ."

ಅತ್ತೆ ಮೆಂತ್ಯೆ ಸೊಪ್ಪು ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಮತ್ತ ಅಡಿಗಿ ಎಲ್ಲೆ ಮಾಡ್ತಿ? ಸಾಲ್ಯಾಗೇನು?"

ಶಂಕರಪೋಳಿಯ ಮೋಜಣಿ

ಮೊದಲ ಪಾಠವನ್ನು ನಮ್ಮವರು ನನ್ನ ಕೈಯಿಂದ ಕಸಿದುಕೊಂಡರು. ಹಬ್ಬಕ್ಕೆ ಡೈಮಂಡ್ ಆಕಾರಕ್ಕೆ ಕತ್ತರಿಸಿ ಕರಿಯುವ ಶಂಕರಪೋಳಿ ಮಾಡುವುದಿತ್ತು. "ಇದರಾಗ ಭೂಮಿತಿ, ರೇಖಾಗಣಿತ ಅದ. ನಾ ಕಲಿಸ್ತೀನಿ," ಅಂತ ಆಫೀಸಿನ ಸ್ಕೇಲು, ಪೆನ್ಸಿಲು ಹಿಡಿದು ಅಡುಗೆಮನೆಗೆ ಇಳಿದರು.

ನಾನು ಲಟ್ಟಿಸಿ ಕೊಟ್ಟ ಹಾಳೆಯ ಮೇಲೆ ಅವರು ಸ್ಕೇಲಿಟ್ಟು ಗೆರೆ ಎಳೆಯತೊಡಗಿದರು. ಒಂದು ಗೆರೆ ಎಳೆಯುವುದು, ದೂರ ಸರಿದು ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಅಳೆಯುವುದು. ಹಿಟ್ಟಿನ ಹಾಳೆ ಒಣಗಿ ಬಿರುಕು ಬಿಡತೊಡಗಿತು. ಬಾಣಲೆಯ ಎಣ್ಣೆ ಹೊಗೆ ಎಬ್ಬಿಸಿತು.

ಅತ್ತೆ ಮೂಲೆಯಲ್ಲಿ ಕೂತಲ್ಲಿಂದಲೇ ಕೂಗಿದರು. "ಏನೋ, ಶಂಕರಪೋಳಿ ಕೊಯ್ಲಿಕ್ಕತ್ತೀಯೋ, ಹೊಲಾ ಮೋಜಣಿ ಮಾಡ್ಲಿಕ್ಕತ್ತೀಯೋ?"

ಅಷ್ಟರಲ್ಲಿ ಮಗಳು ಕರ್ಜಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರ ತೆಗೆದುಕೊಂಡು, ಇನ್ನೊಂದು ಹಾಳೆಯ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸರಸರ ಓಡಿಸಿದಳು. ಎತ್ತಿದರೆ ಒಂದೇ ಅಳತೆಯ ಶಂಕರಪೋಳಿಗಳು. ಹಾಳೆಯ ಅಂಚಿನಲ್ಲಿ ಮಾತ್ರ ಮುಕ್ಕೋಣದ ಚೂರುಗಳು ಉಳಿದವು.

"ಅಂಚಿನ ಚೂರು ಲೆಕ್ಕಕ್ಕ ಹಿಡೀಬಾರದವ್ವಾ," ಅಂದರು ಅಪ್ಪ, ತಮ್ಮ ಸೋಲನ್ನು ಪಾಠದಲ್ಲಿ ಮುಚ್ಚಿಕೊಳ್ಳುತ್ತ.

ಮಗಳು ಎರಡು ಚೂರು ತೆಗೆದುಕೊಂಡು ಪಕ್ಕಪಕ್ಕ ಇಟ್ಟು, ಬೆರಳಲ್ಲಿ ಒತ್ತಿ ಸೇರಿಸಿದಳು. "ಯಾಕ ಹಿಡೀಬಾರದು? ಎರಡು ಕೂಡಿದ್ರ ಒಂದು ಪೂರಾ ಆಗ್ತದಲಾ."

ಕರಿದದ್ದನ್ನು ಎತ್ತಲು ನನ್ನ ಕೈಯಲ್ಲಿದ್ದ ಜಾರೆ ಹಾಗೇ ನಿಂತಿತು. ಸಾಲಿಯಲ್ಲಿ ಗೋಡೆ ನೋಡುವ ಹುಡುಗಿ ಇವಳೇನಾ ಅಂತ ಆಶ್ಚರ್ಯವಾಯಿತು. ಇಷ್ಟು ವರ್ಷ ಆ ಅಂಚಿನ ಚೂರುಗಳನ್ನು ಮತ್ತೆ ಮುದ್ದೆ ಮಾಡಿ ಲಟ್ಟಿಸಿದವಳು ನಾನು. ಅವು ಕೂಡಿದರೆ ಒಂದಾಗುತ್ತವೆ ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಹಬ್ಬದ ಡಬ್ಬಿ ಆಫೀಸಿಗೆ ಹೋಯಿತು. ಎಲ್ಲರೂ ತಿಂದು ಹೊಗಳಿ, ಇಷ್ಟು ಚಂದ ಕತ್ತರಿಸಿದವರು ಯಾರು ಅಂತ ಕೇಳಿದರಂತೆ. ನಮ್ಮವರು ಸುಳ್ಳು ಹೇಳುವವರಲ್ಲ. "ಸ್ಕೇಲ್ ನಂದು," ಅಂದರಂತೆ.

ಯಾರ ಮನೆಯ ಸೀಟಿ

ಬೆಳಿಗ್ಗೆ ನಮ್ಮ ವಾಡೆಯ ಕುಕ್ಕರ್‌ಗಳೆಲ್ಲ ಒಟ್ಟಿಗೇ ಏಳುತ್ತವೆ. ರಜೆ ಮುಗಿದ ಮೇಲೆ ಮಗಳಿಗೆ ಸೀಟಿ ಎಣಿಸುವ ಕೆಲಸ ಕೊಟ್ಟೆ. "ನಾಕು ಸೀಟಿ ಆದ ಕೂಡ್ಲೆ ಹೇಳು," ಅಂತ ಶೇಂಗಾ ಹುರಿಯಲು ಕೂತೆ. ಶೇಂಗಾ ಬಿಸಿಯಾಗುವುದರೊಳಗೆ "ನಾಕಾತು" ಅಂತ ಕೂಗಿದಳು. ನಾನೂ ನಂಬಿ ಇಳಿಸಿದೆ.

ಆ ದಿನದ ಬೇಳೆಯನ್ನು ಬಾಯಿಗೆ ಹಾಕಿಕೊಂಡು ನಮ್ಮವರು ಸ್ವಲ್ಪ ಹೊತ್ತು ಕಟಕಟ ಅಗಿದು, "ಇದನ್ನ ಉಣಬೇಕೋ, ಎಣಿಸಬೇಕೋ?" ಅಂತ ಕೇಳಿದರು.

ವಿಚಾರಿಸಿದರೆ ಕೂಡಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕುಕ್ಕರಿನದು ಎರಡು, ಪಕ್ಕದ ಮನೆಯ ಕಾಕೂದು ಒಂದು, ಕೆಳಗಿನ ಮನೆಯದು ಒಂದು, ಒಟ್ಟು ನಾಲ್ಕು. "ಸೀಟಿ ಎಣಸು ಅಂದಿ, ಯಾರ ಮನೀದು ಅಂತ ಹೇಳ್ಲಿಲ್ಲ," ಅಂದಳು. ನಾನು ಹೇಳಿರಲಿಲ್ಲ ನಿಜ.

ಮರುದಿನದಿಂದ ಕಣ್ಣು ಮುಚ್ಚಿ ಕೂತು ಕೇಳತೊಡಗಿದಳು. ಒಂದು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ತಾನೇ ಹೇಳಿದಳು. "ಇದು ಕಾಕೂಂದು, ಅವರ ಕುಕ್ಕರಿಗೆ ನೆಗಡಿ ಆಗ್ಯದ. ಈಗ ಊದಿದ್ದು ಕೆಳಗಿನ ಮನೀದು, ಅದು ಹೆದರಿಕೋತ ಊದತದ. ನಮ್ಮದು ಮಾತ್ರ ಅಜ್ಜಿ ಕರದಂಗ."

ಮೂರು ಮನೆಯ ಲೆಕ್ಕವನ್ನೂ ಒಟ್ಟಿಗೇ ಇಟ್ಟುಕೊಂಡಿದ್ದಳು. ಬಲಗೈ ಬೆರಳು ನಮಗೆ, ಎಡಗೈ ಬೆರಳು ಕಾಕೂಗೆ, ಕೆಳಗಿನ ಮನೆಗೆ ಕಾಲ್ಬೆರಳು. ನಾನೂ ಕಣ್ಣು ಮುಚ್ಚಿ ಕೇಳಿ ನೋಡಿದೆ. ಎಲ್ಲ ಒಂದೇ ಥರ ಕೇಳಿಸಿತು. ಇಪ್ಪತ್ತು ವರ್ಷ ಅಡುಗೆ ಮಾಡಿದ ಕಿವಿಗೆ ಕೇಳದ್ದು ಎಂಟು ವರ್ಷದ ಕಿವಿಗೆ ಕೇಳುತ್ತದಲ್ಲ ಅಂತ ಬೆರಗಾಗಿ ಅವಳನ್ನೇ ನೋಡುತ್ತ ನಿಂತೆ, ಶೇಂಗಾ ಸೀದುಹೋಯಿತು.

ಸುದ್ದಿ ಗ್ಯಾಲರಿಯಲ್ಲಿ ಹಬ್ಬಿತು. ಕಾಕೂ ಅಂದರೆ ಇಡೀ ವಾಡೆಗೆ ಸಂಸಾರ ಮಾಡುವುದನ್ನು ಕಲಿಸಿದವರು, ಯಾರ ಮಾತನ್ನೂ ಒಪ್ಪುವವರಲ್ಲ. ಅವರು ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಸವಟು ಹಿಡಿದು ನಿಂತು ಮಗಳನ್ನು ಮುದ್ದಿನಿಂದ ಕೇಳತೊಡಗಿದರು, "ಬಾಳಾ, ನನ್ನವು ಎಷ್ಟಾದವು?"

ಅಪ್ಪನಿಗಿಂತ ಹಿರಿಯ ಮೊಸರು

ರಾತ್ರಿ ಊಟವಾದ ಮೇಲೆ ಹಾಲಿಗೆ ಹೆಪ್ಪು ಹಾಕುವುದೂ ಮಗಳ ಪಾಲಿಗೆ ಬಂತು. ಒಂದು ದಿನ ಅಜ್ಜಿಯನ್ನು ಹಿಡಿದುಕೊಂಡಳು. ಇವತ್ತಿನ ಮೊಸರು ನಿನ್ನೆಯದರಿಂದ ಆಯಿತು, ನಿನ್ನೆಯದು ಮೊನ್ನೆಯದರಿಂದ, ಹಾಗಾದರೆ ಎಲ್ಲಕ್ಕಿಂತ ಮೊದಲಿನದು ಎಲ್ಲಿಂದ ಬಂತು?

"ವಿಜಾಪುರದಿಂದ," ಅಂದರು ಅಜ್ಜಿ, ರೈಲಿನ ಟಿಕೇಟು ತೋರಿಸುವಷ್ಟು ಖಚಿತವಾಗಿ. "ನಾ ಮದುವ್ಯಾಗಿ ಬರೂ ಮುಂದ ನಮ್ಮವ್ವ ಸಣ್ಣ ಭರಣ್ಯಾಗ ಹಾಕಿ ಕೊಟ್ಟಿದ್ಲು. ಅವತ್ತಿಂದ ಒಂದು ದಿನಾನೂ ಹೆಪ್ಪು ತಪ್ಪಿಲ್ಲ."

ಮಗಳು ಅಜ್ಜಿಯಿಂದ ಒಂದೆರಡು ಇಸವಿ ಕೇಳಿಕೊಂಡು, ಬೆರಳು ಮಡಿಸಿ ಬಿಚ್ಚಿ ಏನೋ ಕಳೆದಳು. ಕಳೆಯುವ ಲೆಕ್ಕವನ್ನು ಯಾರೂ ಹೇಳದೆ ತಾನಾಗಿ ಮಾಡಿದ್ದು ಅದೇ ಮೊದಲು. ನನಗೆ ಖುಷಿಯೋ ಖುಷಿ. ಉತ್ತರ ಏನು ಬಂತು ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಆ ಭಾನುವಾರ ನಮ್ಮವರ ಆಫೀಸಿನ ಸಾಹೇಬರು ಊಟಕ್ಕೆ ಬಂದರು. ನೀರನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುವ ಮನುಷ್ಯ. ಕೊನೆಗೆ ಅನ್ನಕ್ಕೆ ಮೊಸರು ಬಡಿಸಿದಾಗ ಒಂದು ಚಮಚ ಬಾಯಿಗಿಟ್ಟು, "ಮೊಸರು ಭಾರಿ ಉತ್ತಮವಾಗಿದೆ," ಅಂದರು.

ಮಗಳಿಗೆ ಹೆಮ್ಮೆ ತಡೆಯಲಿಲ್ಲ. ಒಳ್ಳೆಯ ಮರಾಠಿಯಲ್ಲಿ ಹೇಳಿದಳು, "ಇದು ನಮ್ಮ ಅಪ್ಪನಿಗಿಂತ ಎರಡು ವರ್ಷ ಹಿರಿಯದು."

ಸಾಹೇಬರ ಎರಡನೆಯ ಚಮಚ ಬಾಯಿಗೂ ತಾಟಿಗೂ ನಡುವೆ ನಿಂತಿತು. ನಮ್ಮವರು ಗಾಬರಿಯಾಗಿ ಸರಿಪಡಿಸಲು ಹೋದರು. "ಹಾಗಲ್ಲ ಸರ್, ದಿನಾ ಸ್ವಲ್ಪ ಹೊಸ ಹಾಲು ಸೇರಿಸುತ್ತೇವೆ."

ಚಮಚ ಕೆಳಗಿಳಿಯಿತು. ನಾನು ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದೆ. ನಗು ಒಂದು ಕಡೆ, ಬೆರಗು ಇನ್ನೊಂದು ಕಡೆ. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನು ಕಣ್ಣಲ್ಲೂ ನೋಡದ ಅತ್ತೆಯ ತಾಯಿ ಹೆಪ್ಪು ಹಾಕಿದ ಮೊಸರನ್ನೇ ನಾವು ದಿನಾ ಉಣ್ಣುತ್ತಿದ್ದೆವು.

ಹೊರಗೆ ಅತ್ತೆ ಮರಾಠಿಗೆ ಕನ್ನಡ ಬೆರೆಸಿ ಸಾಹೇಬರಿಗೆ ಧೈರ್ಯ ಹೇಳುತ್ತಿದ್ದರು. "ಹೆದರಬ್ಯಾಡ್ರಿ ಸಾಹೇಬ್ರ, ಉಣ್ಣರಿ. ಇಬ್ಬರನ್ನೂ ನಾನ ಬೆಳಿಸೀನಿ. ಮೊಸರು ಹೇಳಿದ ಮಾತು ಕೇಳತದ."

ಎರಡಾದ ಮೇಲೆ

ಸಂಕ್ರಾಂತಿ ಕಳೆಯಿತು. ಮಗಳು ಅಡುಗೆಮನೆಯಲ್ಲಿ ಕೂಡಿಸುತ್ತಿದ್ದಳು, ಕಳೆಯುತ್ತಿದ್ದಳು, ಬಾಯಿ ಬಿಡುತ್ತಿದ್ದಳು. ಸಾಲಿಯಲ್ಲಿ ಮಾತ್ರ ಇನ್ನೂ ಗೋಡೆ. ಉಳಿದದ್ದು ಭಾಗಾಕಾರ. ಅದಕ್ಕೆ ರಾತ್ರಿಯ ಊಟ ಬಡಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಬುಟ್ಟಿಯಲ್ಲಿ ಚಪಾತಿ ಎಷ್ಟಿವೆ, ಉಣ್ಣುವವರು ಎಷ್ಟು ಜನ, ಯಾರಿಗೆ ಎಷ್ಟು ಬರುತ್ತದೆ, ಅವಳೇ ಹಂಚಬೇಕು. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅಂದುಕೊಂಡೆ.

ಮೊದಲ ದಿನವೇ ಅಪ್ಪನ ತಾಟಿಗೆ ಮೂರು ಚಪಾತಿ ಹಾಕಿದಳು. ಅತ್ತೆ ಕೈ ಹಿಡಿದರು. "ಮೂರು ಬಡಿಸಬಾರದವ್ವಾ. ಚಲೋ ಅಲ್ಲ."

ನಮ್ಮ ಕಡೆಯ ಪದ್ಧತಿ ಅದು, ಪುಣೆಯವರಲ್ಲೂ ಉಂಟು. ತಾಟಿನಲ್ಲಿ ಒಮ್ಮೆಗೆ ಮೂರು ಬೀಳಬಾರದು. ಮೂರು ಬೇಕೇ ಬೇಕಾದರೆ ಒಂದನ್ನು ಸ್ವಲ್ಪ ಹರಿದು ಹಾಕಬೇಕು. ಆಗ ಅದು ಮೂರಲ್ಲ. ನಮ್ಮ ಅತ್ತೆಯದು ಅದರಲ್ಲೂ ಶಿಸ್ತು. ಚಪಾತಿಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆ ಸರಿಯಾಗಿ ಹರಿದು ಬುಟ್ಟಿಗೆ ಹಾಕಿ, ಉಳಿದದ್ದನ್ನು ಬಡಿಸಬೇಕು. ಮಗಳು ಒಂದೇ ದಿನಕ್ಕೆ ಕಲಿತಳು. ಹರಿದ ಚೂರುಗಳು ಬುಟ್ಟಿಯ ತಳದಲ್ಲಿ ಉಳಿಯುತ್ತಿದ್ದವು.

ನಾಲ್ಕು ದಿನವಾದ ಮೇಲೆ ಅಪ್ಪ ಪಾಟಿ ಹಿಡಿದು ಕೇಳಿದರು, "ಎರಡು ಚಪಾತಿ ಅವ, ಇನ್ನೊಂದು ಕೂಡಿಸಿದ್ರ ಎಷ್ಟು?"

ಮಗಳು ಈ ಸಲ ಗೋಡೆ ನೋಡಲಿಲ್ಲ. ಅಪ್ಪನನ್ನೇ ನೋಡಿ, "ಹಂಗ ಕೂಡಿಸಬಾರದಪ್ಪಾ," ಅಂದಳು.

ಬಾಯಿ ಬಿಡಿಸಲು ಹೋಗಿ ನಾನು ಅಂಕಿಯೊಂದನ್ನೇ ಕಳೆದುಬಿಟ್ಟಿದ್ದೆ. ಪರೀಕ್ಷೆಯಲ್ಲಿ ಉತ್ತರ ಮೂರು ಬಂದರೆ ಗತಿಯೇನು? ಅತ್ತೆಯ ಹತ್ತಿರ ಹೋಗಿ ಬೇಡಿಕೊಂಡೆ. "ಏಪ್ರಿಲ್ ತನಕ ಒಂದೀಟು ಮೂರು ಬಡಿಸೂಣ್ರಿ ಅತ್ತಿ. ಆಕಿ ಪಾಸಾಗಲಿ. ಆಮ್ಯಾಲೆ ಮತ್ತ ಹರಿಯೂಣಂತ."

"ಪರೀಕ್ಷಾ ಆಕಿದು, ತಾಟು ನನ್ನ ಮಗಂದು," ಅಂದರು ಅತ್ತೆ. "ಬೇಕಾದ್ರ ನಿಮ್ಮ ಟೀಚರಿಗೆ ಹೋಗಿ ಹೇಳು, ಮೂರು ಉತ್ತರ ಬರೂ ಲೆಕ್ಕ ಕೇಳಬ್ಯಾಡ್ರಿ ಅಂತ."

ಹನ್ನೆರಡು ಚಪಾತಿ, ನಾಲ್ಕು ಮಂದಿ

ಏಪ್ರಿಲ್ ಬಂತು. ಬಾಯಿಲೆಕ್ಕದ ದಿನ ತಾಯಂದಿರೆಲ್ಲ ವರ್ಗದ ಹೊರಗೆ ಪಡಸಾಲೆಯಲ್ಲಿ ನಿಂತಿದ್ದೆವು. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ನನ್ನ ಮಗಳ ಸರದಿ ಬಂದಾಗ ಟೀಚರ್ ಪುಸ್ತಕ ನೋಡಿ ಕೇಳಿದರು. "ಹನ್ನೆರಡು ಪೆನ್ಸಿಲು, ನಾಲ್ಕು ಮಕ್ಕಳು. ಒಬ್ಬರಿಗೆ ಎಷ್ಟು?"

ಮಗಳು ಗೋಡೆ ನೋಡಿದಳು.

ಟೀಚರ್ ಇನ್ನೊಮ್ಮೆ ಕೇಳಿದರು. ಗೋಡೆಯೇ ಉತ್ತರ ಕೊಡಬೇಕಿತ್ತು. ನನಗೆ ನಿಲ್ಲಲಾಗಲಿಲ್ಲ. ಬಾಯಿಂದ ಹೇಳುವ ಹಾಗಿಲ್ಲ, ಆದರೆ ಕೈ ನನ್ನ ಮಾತು ಕೇಳಲಿಲ್ಲ. ಕಿಟಕಿಯಲ್ಲಿ ನಿಂತು ಗಾಳಿಯಲ್ಲಿ ಚಪಾತಿ ಲಟ್ಟಿಸತೊಡಗಿದೆ. ಪೆನ್ಸಿಲನ್ನು ಮರೆತು ಚಪಾತಿ ಅಂದುಕೋ ಅಂತ ಅವಳಿಗೆ ಹೇಳುವುದು ನನ್ನ ಉದ್ದೇಶ. ಪಕ್ಕದ ತಾಯಂದಿರು ಒಂದು ಹೆಜ್ಜೆ ದೂರ ಸರಿದರು.

ಟೀಚರ್ ತಲೆಯೆತ್ತಿ ನನ್ನನ್ನು ನೋಡಿದರು. ನಿಧಾನವಾಗಿ ಮಗಳ ಕಡೆ ತಿರುಗಿ, "ನಿನ್ನ ಅಮ್ಮ ಅಲ್ಲಿ ಏನು ಮಾಡುತ್ತಿದ್ದಾಳೆ?" ಅಂತ ಕೇಳಿದರು.

"ಚಪಾತಿ," ಅಂದಳು ಮಗಳು. ಆ ವರ್ಗದಲ್ಲಿ ಅವಳು ಆಡಿದ ಮೊದಲ ಮಾತು ಅದೇ ಇರಬೇಕು.

ಟೀಚರರ ಹುಬ್ಬು ಮೇಲೇರಿತು. "ಹಾಗೋ? ಸರಿ. ಹನ್ನೆರಡು ಚಪಾತಿ, ನಾಲ್ಕು ಮಂದಿ. ಒಬ್ಬರಿಗೆ ಎಷ್ಟು ಬಡಿಸುತ್ತಿ?"

ನನ್ನ ಕೈಯಲ್ಲಿದ್ದ ಇಲ್ಲದ ಲಟ್ಟಣಿಗೆ ಬಿದ್ದೇಹೋಯಿತು. ಉತ್ತರ ಮೂರು. ಇರುವ ಅಂಕಿಗಳನ್ನೆಲ್ಲ ಬಿಟ್ಟು ಅದೇ ಬರಬೇಕೇ?

ಮಗಳು ಸ್ವಲ್ಪ ಹೊತ್ತು ಬೆರಳು ಮಡಿಸಿದಳು. ಆಮೇಲೆ ಹೇಳಿದಳು, "ಎರಡು ಮುಕ್ಕಾಲು."

ಮುಕ್ಕಾಲು ಅನ್ನುವುದು ಬರುವ ವರ್ಷದ ಪಾಠ. ಟೀಚರ್ ಪುಸ್ತಕ ನೋಡಿದರು. "ಇಲ್ಲಿ ಮೂರು ಅಂತ ಇದೆಯಲ್ಲ?"

"ಮೂರು ಬಡಿಸಬಾರದು ಟೀಚರ್. ಮೊದಲು ಎರಡೆರಡು ಹಾಕಬೇಕು. ಆಮೇಲೆ ಇನ್ನೊಂದರಲ್ಲಿ ಕಾಲು ಭಾಗ ಹರಿದು ತೆಗೆದು ಉಳಿದದ್ದನ್ನು ಹಾಕಬೇಕು."

"ಹರಿದ ಚೂರುಗಳು?"

"ನಾಲ್ಕು ಮಂದಿಯ ನಾಲ್ಕು ಚೂರು ಕೂಡಿದರೆ ಒಂದು ಚಪಾತಿ ಪೂರಾ ಆಗುತ್ತದೆ. ಅದು ಅವ್ವನಿಗೆ."

"ಅವ್ವ ಆ ನಾಲ್ಕು ಮಂದಿಯಲ್ಲೇ ಬಂದಳಲ್ಲ?"

"ಇಲ್ಲ ಟೀಚರ್," ಅಂದಳು ಮಗಳು, ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನುವ ಹಾಗೆ. "ನೀವು ಹೇಳಿದ್ದು ಉಣ್ಣಲು ಕೂತವರನ್ನು. ಚಪಾತಿ ಮಾಡಿದವಳನ್ನು ಪುಸ್ತಕದಲ್ಲಿ ಎಣಿಸಿಯೇ ಇಲ್ಲ."

ಬುಟ್ಟಿಯ ತಳದ ಚೂರುಗಳನ್ನು ನಾನು ದಿನಾ ಎಲ್ಲರದೂ ಆದ ಮೇಲೆ, ಒಲೆಯ ಹತ್ತಿರ ನಿಂತೇ ತಿಂದು ಮುಗಿಸುತ್ತಿದ್ದೆ. ಅದನ್ನು ಯಾರಾದರೂ ನೋಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಅವಳಿಗೆ ಲೆಕ್ಕ ಕಲಿಸುತ್ತಿದ್ದೇನೆ ಅಂದುಕೊಂಡ ಅಷ್ಟೂ ತಿಂಗಳು ಅವಳು ನನ್ನನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದಳು. ಕಣ್ಣು ತುಂಬಿ ಕಿಟಕಿಯೇ ಮಸುಕಾಯಿತು.

ಟೀಚರ್ ಪುಸ್ತಕ ಮುಚ್ಚಿದರು. "ನಮ್ಮ ಮನೆಯಲ್ಲೂ ಮೂರು ಬಡಿಸುವುದಿಲ್ಲ," ಅಂದರು, ಯಾರಿಗೆ ಅಂತಿಲ್ಲದೆ. ಆಮೇಲೆ ಎದ್ದು ಕಿಟಕಿಗೆ ಬಂದು ನನಗೆ ಹೇಳಿದರು, "ನಿಮ್ಮ ಮಗಳು ನಾಲ್ಕನೆಯ ಇಯತ್ತೆಗೆ ಹೋಗುತ್ತಾಳೆ. ಇನ್ನು ನೀವು ಲಟ್ಟಿಸುವುದನ್ನು ನಿಲ್ಲಿಸಿ." ನೋಡಿಕೊಂಡರೆ ನನ್ನ ಕೈ ಮತ್ತೆ ಶುರು ಮಾಡಿತ್ತು.

ರಾತ್ರಿ ಮನೆಯಲ್ಲಿ ಎಲ್ಲ ಹೇಳಿದೆ. ನಮ್ಮವರು ಪಾಟಿಯನ್ನು ಅಟ್ಟದ ಮೇಲೆ ಇಟ್ಟು ಬಂದರು. ಅತ್ತೆ ಬುಟ್ಟಿಯ ತಳವನ್ನು ಒಮ್ಮೆ ನೋಡಿ, ನಾಲ್ಕನೆಯ ತಾಟು ತಂದು ತಮ್ಮ ಪಕ್ಕದಲ್ಲಿ ಇಟ್ಟರು. "ಒಲಿ ಆರಿಸು. ನೀನೂ ಕೂಡು," ಅಂದರು. ಆ ಮನೆಗೆ ಬಂದ ಮೇಲೆ ಅವರೆಲ್ಲರ ಪಂಕ್ತಿಯಲ್ಲಿ ನಾನು ಕೂತದ್ದು ಅದೇ ಮೊದಲು.

ನಮ್ಮವರು ತಮ್ಮ ಚಪಾತಿಯನ್ನು ನಾಲ್ಕು ಮಡಿಸಿ, ಕಾಲು ಭಾಗ ಹರಿದು ನನ್ನ ತಾಟಿಗೆ ಹಾಕಿದರು. ಅತ್ತೆಯೂ ಹರಿದು ಹಾಕಿದರು. ಮಗಳೂ ಹಾಕಿದಳು. ನಾನು ತುತ್ತು ಎತ್ತದೆ ತಾಟು ನೋಡುತ್ತ ಕೂತಿದ್ದೆ.

ಮಗಳೂ ನನ್ನ ತಾಟನ್ನೇ ನೋಡುತ್ತಿದ್ದಳು. ಒಂದು, ಎರಡು ಅಂತ ಬೆರಳಿಟ್ಟು ಚೂರುಗಳನ್ನು ಎಣಿಸಿದಳು, ಮೂರನೆಯದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು.

"ಮೂರು ಬಡಿಸಬಾರದವ್ವಾ," ಅಂದಳು ಅಗಿಯುತ್ತ.